ಕೆ.ಆರ್. ಸರ್ಕಲ್‌ನ ಕಲ್ಲಿನ ಇಂಜಿನಿಯರಿಂಗ್ ಕಾಲೇಜು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಕೆ.ಆರ್. ಸರ್ಕಲ್ ದಾಟದೇ ಇರುವವರು ಕಡಿಮೆ. ಬಸ್ಸಿನ ಕಿಟಕಿಯಿಂದ ಆ ಕಲ್ಲಿನ ಕಟ್ಟಡ ಎಲ್ಲರಿಗೂ ಕಾಣುತ್ತದೆ. ಸಿಗ್ನಲ್ ಬಿಡುತ್ತದೆ, ಬಸ್ಸು ಹೊರಡುತ್ತದೆ, ಕಟ್ಟಡ ಮರೆತುಹೋಗುತ್ತದೆ. ನನಗೆ ಈ ಜಾಗ ಅಂದರೆ ತುಂಬಾ ಇಷ್ಟ. ಗೆಳೆಯರು, ನೆಂಟರು, ಅವರ ಮಕ್ಕಳು ಯಾರೇ ಸಿಕ್ಕರೂ ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಇದು ಯಾವ ಕಟ್ಟಡ? ಕೋರ್ಟಾ, ಸರ್ಕಾರಿ ಕಚೇರಿಯಾ?

ಎರಡೂ ಅಲ್ಲ. ಇದು ಇಂಜಿನಿಯರಿಂಗ್ ಕಾಲೇಜು. ಪೂರ್ತಿ ಹೆಸರು ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಇಂಜಿನಿಯರಿಂಗ್. ಅಷ್ಟು ಹೇಳುವಷ್ಟರಲ್ಲಿ ಸಿಗ್ನಲ್ ಬಿಟ್ಟುಬಿಡುತ್ತದೆ, ಅದಕ್ಕೇ ಎಲ್ಲರೂ ಯುವಿಸಿಇ ಅನ್ನುತ್ತಾರೆ. ಸುತ್ತಮುತ್ತ ವಿಧಾನಸೌಧ, ಹೈಕೋರ್ಟು, ರಿಸರ್ವ್ ಬ್ಯಾಂಕು ಇರುವುದರಿಂದ ಇದನ್ನೂ ಯಾವುದೋ ಇಲಾಖೆಯ ಕಚೇರಿ ಅಂದುಕೊಳ್ಳುವವರೇ ಜಾಸ್ತಿ. ಆದರೆ 1917ರಿಂದ ಇವತ್ತಿನವರೆಗೆ ಇದು ಪಾಠದ ಕಾಲೇಜಾಗಿಯೇ ಉಳಿದಿದೆ.

ಯಾರು ಶುರು ಮಾಡಿದ್ದು?

ಸರ್ ಎಂ. ವಿಶ್ವೇಶ್ವರಯ್ಯ. ಅವರು 1912ರಿಂದ 1918ರ ಕೊನೆಯವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು, ಮರುವರ್ಷವೇ ಅದರ ಕೆಳಗೆ ಈ ಕಾಲೇಜು ಬಂತು. ಆಗಿನ ಹೆಸರು ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಅಷ್ಟೇ. ಇಡೀ ಸಂಸ್ಥಾನಕ್ಕೆ ಅದೊಂದೇ ಇದ್ದಾಗ ಬೇರೆ ಗುರುತು ಯಾಕೆ ಬೇಕು, ಅಲ್ವಾ?

ನೂರು ವರ್ಷದ ಹಿಂದೆ ಇಂಜಿನಿಯರಿಂಗ್ ಕಾಲೇಜಿಗೆ ಅಷ್ಟು ಅವಸರ ಏನಿತ್ತು?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದ.

ಆ ಕಾಲದ ಮೈಸೂರನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ, ಅದರ ಬೆನ್ನಿಗೇ ಸಾಬೂನು ಕಾರ್ಖಾನೆ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಮಾತು ನಡೆಯುತ್ತಿತ್ತು. ಒಂದಾದ ಮೇಲೊಂದು ಯಂತ್ರ ಬರುತ್ತಿದೆ, ಅಣೆಕಟ್ಟು ಏಳುತ್ತಿದೆ, ತಂತಿ ಎಳೆಯುತ್ತಿದ್ದಾರೆ. ಇದನ್ನೆಲ್ಲ ನೋಡಿಕೊಳ್ಳುವವರು ಯಾರು?

ಸಂಸ್ಥಾನದ ಹುಡುಗನೊಬ್ಬ ಇಂಜಿನಿಯರ್ ಆಗಬೇಕಾದರೆ ಮದರಾಸಿನ ಗಿಂಡಿಗೆ ಹೋಗಬೇಕಿತ್ತು, ಇಲ್ಲವೇ ಪುಣೆಗೆ. ಇನ್ನೂ ದೂರ ಅಂದರೆ ರೂರ್ಕಿ, ಕಲ್ಕತ್ತದ ಹತ್ತಿರದ ಶಿಬ್‌ಪುರ. ಅಲ್ಲಿ ಜಾಗ ಸಿಗಬೇಕು, ದುಡ್ಡು ಇರಬೇಕು, ಮನೆಯವರು ಕಳಿಸಬೇಕು. ಎಷ್ಟು ಜನಕ್ಕೆ ಆದೀತು?

ವಿಶ್ವೇಶ್ವರಯ್ಯನವರಿಗೆ ಇದು ಪುಸ್ತಕದ ಸಂಗತಿ ಆಗಿರಲಿಲ್ಲ. ಮುದ್ದೇನಹಳ್ಳಿಯ ಹುಡುಗ, ಚಿಕ್ಕ ವಯಸ್ಸಿನಲ್ಲೇ ತಂದೆ ಹೋದರು. ಬೆಂಗಳೂರಿಗೆ ಬಂದು, ಕೊಡಗಿನವರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಇಂಜಿನಿಯರಿಂಗ್ ಓದಲು ಊರು ಬಿಟ್ಟು ಪುಣೆಗೆ ಹೋಗಬೇಕಾಯಿತು. ಅದೂ ಮೈಸೂರು ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟಿದ್ದರಿಂದ. 1883ರಲ್ಲಿ ಪರೀಕ್ಷೆಯಲ್ಲಿ ಮೊದಲನೆಯವರಾಗಿ ಪಾಸಾದರು, ಮರುವರ್ಷ ಬೊಂಬಾಯಿ ಸರ್ಕಾರದ ಕೆಲಸಕ್ಕೆ ಸೇರಿದರು. ಅಂದರೆ ಮೈಸೂರಿನ ದುಡ್ಡಲ್ಲಿ ಓದಿದ ಹುಡುಗ ವರ್ಷಾನುಗಟ್ಟಲೆ ಬೇರೆ ಪ್ರಾಂತ್ಯಕ್ಕೆ ದುಡಿದ. ಅವರು ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ವಾಪಸ್ ಬಂದದ್ದು 1909ರಲ್ಲಿ. ಈ ಕಾಲೇಜಿನ ಬೇರು ಆ ಇಪ್ಪತ್ತೈದು ವರ್ಷದಲ್ಲಿದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಓದೋಕೆ ಅಂತ ಮಕ್ಕಳು ಊರು ಬಿಡುವ ಹಾಗೆ ಆಗಬಾರದು. ಓದಿದವರ ಕೆಲಸ ಊರಿಗೇ ಸಿಗಬೇಕು.

ಮೈಸೂರು ರಾಜಧಾನಿ ಅಲ್ವಾ, ಕಾಲೇಜು ಬೆಂಗಳೂರಿನಲ್ಲಿ ಯಾಕೆ?

ಅರಮನೆ ಮೈಸೂರಿನಲ್ಲಿತ್ತು, ಸರ್ಕಾರದ ದೊಡ್ಡ ಕಚೇರಿಗಳು ಬೆಂಗಳೂರಿನ ಅಠಾರ ಕಚೇರಿಯಲ್ಲಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡದಲ್ಲಿದ್ದವು. ವಿಶ್ವವಿದ್ಯಾಲಯ ಬಂದಾಗ ಮೈಸೂರಿನ ಮಹಾರಾಜಾ ಕಾಲೇಜಿಗೆ ಕಲಾ ವಿಷಯಗಳು, ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ವಿಜ್ಞಾನ ಅಂತ ಪಾಲಾಯಿತು. ವಿಜ್ಞಾನ ಇರುವ ಕಡೆ ಇಂಜಿನಿಯರಿಂಗ್ ಇದ್ದರೆ ಒಳ್ಳೆಯದು ಅನ್ನುವುದು ಸಹಜ. ಸೆಂಟ್ರಲ್ ಕಾಲೇಜಿನಿಂದ ಇಲ್ಲಿಗೆ ನಡೆದುಕೊಂಡೇ ಬರಬಹುದು.

ಇದಾದ ಮೇಲೆ ಬೇರೆ ಕಾಲೇಜುಗಳು ಬೇಗ ಬಂದವಾ?

ಇಲ್ಲ. ಮೈಸೂರಿನ ಎನ್‌ಐಇ ಮತ್ತು ಬಸವನಗುಡಿಯ ಬಿಎಂಎಸ್ ಶುರುವಾದದ್ದು 1946ರಲ್ಲಿ. ಸುಮಾರು ಮೂವತ್ತು ವರ್ಷ ಸಂಸ್ಥಾನದಲ್ಲಿ ಬಿ.ಇ. ಡಿಗ್ರಿ ಬೇಕು ಅಂದರೆ ಈ ಒಂದೇ ಗೇಟು. ಇವತ್ತು ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ಇಂಜಿನಿಯರಿಂಗ್ ಕಾಲೇಜಿನ ಬೋರ್ಡು ಕಾಣುತ್ತದೆ. ಆ ಸಾಲು ಶುರುವಾಗುವುದು ಇಲ್ಲಿಂದ.

ಸರ್ಕಲ್‌ನಲ್ಲೇ ಇನ್ನೊಂದು ದೊಡ್ಡ ಕಲ್ಲಿನ ಕಟ್ಟಡ ಇದೆಯಲ್ಲ, ಅದೂ ಇದೇ ಕಾಲೇಜಾ?

ಬಹಳ ಜನ ಹಾಗೇ ಅಂದುಕೊಳ್ಳುತ್ತಾರೆ. ಅಲ್ಲ. ಶೇಷಾದ್ರಿ ರಸ್ತೆಯ ಕಡೆ ಇರುವುದು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಎಸ್.ಜೆ. ಪಾಲಿಟೆಕ್ನಿಕ್ ಅಂದರೆ ಆಟೋದವರಿಗೂ ಗೊತ್ತು. ಇದರ ಕಥೆ ಕೇಳಿದ ಮೇಲೆ ನನಗೆ ಆ ಕಟ್ಟಡವನ್ನು ಸುಮ್ನೆ ನೋಡಿಕೊಂಡು ಹೋಗಲು ಆಗಿಲ್ಲ.

ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯನವರು ಸುಮ್ಮನೆ ಕೂರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿತು, ಆದರೆ ನಷ್ಟದಲ್ಲಿ ಮುಳುಗುತ್ತಿತ್ತು. ಅದನ್ನು ಮೇಲೆತ್ತಿ ಕೊಡಿ ಅಂತ ಸರ್ಕಾರ ಇವರನ್ನು ಕೇಳಿಕೊಂಡಿತು. ಒಪ್ಪಿದರು. ಆದರೆ ಕಾರ್ಖಾನೆ ತನ್ನ ಕಾಲ ಮೇಲೆ ನಿಲ್ಲುವವರೆಗೆ ಸಂಬಳ ಮುಟ್ಟಲಿಲ್ಲ. ವರ್ಷಗಳು ಕಳೆದವು, ಕಾರ್ಖಾನೆ ಚೇತರಿಸಿಕೊಂಡಿತು, ಅವರಿಗೆ ಬರಬೇಕಾದ ಬಾಕಿ ಲಕ್ಷ ದಾಟಿತ್ತು. ಆ ಕಾಲದ ಲಕ್ಷ! ಆ ಹಣ ನನಗೆ ಬೇಡ, ಹುಡುಗರಿಗೆ ಕೈಕೆಲಸ ಕಲಿಸುವ ಒಂದು ಸಂಸ್ಥೆ ಮಾಡಿ ಅಂದರು. ಸರ್ಕಾರ ಅದಕ್ಕೆ ಅವರ ಹೆಸರೇ ಇಡೋಣ ಅಂತ ಹೊರಟಿತು. ಅದನ್ನೂ ಒಪ್ಪಲಿಲ್ಲ. ಜಯಚಾಮರಾಜೇಂದ್ರ ಒಡೆಯರ್ ಹೆಸರು ಇಡಿಸಿದರು. ಮೊದಲು ಅದಕ್ಕೆ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅಂತ ಹೆಸರಿತ್ತು. ಅಂದರೆ ಕಸುಬು ಕಲಿಸುವ ಶಾಲೆ. ಪಾಲಿಟೆಕ್ನಿಕ್ ಅಂತ ಆದದ್ದು ಆಮೇಲೆ.

ಈಗ ಸರ್ಕಲ್ ನಡುವೆ ನಿಂತು ಎರಡೂ ಕಡೆ ನೋಡಿ. ಒಂದು ದಿವಾನರಾಗಿದ್ದಾಗ ಸರ್ಕಾರದ ದುಡ್ಡಲ್ಲಿ ಕಟ್ಟಿಸಿದ್ದು. ಇನ್ನೊಂದು ತಮ್ಮ ಸಂಬಳದ ದುಡ್ಡಿಂದ ಹುಟ್ಟಿದ್ದು. ಒಂದರಲ್ಲಿ ಡಿಗ್ರಿ, ಇನ್ನೊಂದರಲ್ಲಿ ಡಿಪ್ಲೊಮಾ. ಡ್ರಾಯಿಂಗ್ ಹಾಕುವವನೂ ಬೇಕು, ಆ ಡ್ರಾಯಿಂಗ್ ನೋಡಿ ಕಬ್ಬಿಣ ಕಡೆಯುವವನೂ ಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹತ್ತನೇ ತರಗತಿ ಮುಗಿಸಿ, ಮನೆಯಲ್ಲಿ ಜಾಸ್ತಿ ಓದಿಸಲು ಆಗದೆ, ಡಿಪ್ಲೊಮಾ ಮಾಡಿ ಬೇಗ ಕೆಲಸಕ್ಕೆ ಸೇರಿ ಮನೆ ನಡೆಸಿದವರು ನಮ್ಮ ಸುತ್ತ ಎಷ್ಟು ಜನ ಇದ್ದಾರೆ ನೋಡಿ. ಆ ದಾರಿಯನ್ನು ತೆರೆದದ್ದು ಇಂಥ ಕಟ್ಟಡಗಳು. ಪಾಲಿಟೆಕ್ನಿಕ್ಕನ್ನು ಕಡಿಮೆ ಅಂತ ನೋಡುವವರ ಮಾತು ಕೇಳಿದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಕಲಿಸುತ್ತಿದ್ದರು ಅನ್ನುವುದು ನಿಜವಾ?

ನಿಜ. ಸಿನಿಮಾಟೋಗ್ರಫಿ ಡಿಪ್ಲೊಮಾ ಅಲ್ಲಿತ್ತು. ದೇಶದಲ್ಲಿ ಕ್ಯಾಮೆರಾ ಕೆಲಸವನ್ನು ಸ್ಟುಡಿಯೋದಲ್ಲಿ ಯಾರದೋ ಕೈಕೆಳಗೆ ನಿಂತು ಕಲಿಯುತ್ತಿದ್ದ ಕಾಲದಲ್ಲಿ ಇಲ್ಲಿ ಅದು ಪಾಠವಾಗಿತ್ತು. ಮೈಸೂರಿನ ವಿ.ಕೆ. ಮೂರ್ತಿ 1940ರ ದಶಕದಲ್ಲಿ ಇಲ್ಲಿ ಕಲಿತು ಬೊಂಬಾಯಿಗೆ ಹೋದರು. ಗುರುದತ್ ಅವರ ಚಿತ್ರಗಳ ಬೆಳಕು ನೆರಳು ಅವರ ಕೈದು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರಕ್ಕೆ ಕ್ಯಾಮೆರಾ ಹಿಡಿದವರೂ ಅವರೇ. ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಗೋವಿಂದ್ ನಿಹಲಾನಿ ಕೂಡ ಇದೇ ಪಾಲಿಟೆಕ್ನಿಕ್‌ನಲ್ಲಿ 1962ರಲ್ಲಿ ಸಿನಿಮಾಟೋಗ್ರಫಿ ಮುಗಿಸಿದವರು. ಆ ವಿಭಾಗವೇ ಬೆಳೆದು ಈಗ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆಗಿದೆ.

ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿಮಾನ ಹಾರಿಸಿದ ಮೇಷ್ಟ್ರು ಇದ್ದರಂತೆ?

ಇದ್ದರು. ಎಸ್.ವಿ. ಸೆಟ್ಟಿ. ಮೈಸೂರಿನವರು. ರೂರ್ಕಿಯಲ್ಲಿ ಇಂಜಿನಿಯರಿಂಗ್ ಓದಿ, ಸಂಸ್ಥಾನದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಎ.ವಿ. ರೋ ಅವರ ವಿಮಾನ ಕಂಪನಿಯಲ್ಲಿ ಕೆಲಸ. ರೈಟ್ ಸಹೋದರರು ಮೊದಲು ಹಾರಿದ್ದು 1903ರಲ್ಲಿ. ಅದಾಗಿ ಹತ್ತು ವರ್ಷವೂ ಕಳೆದಿರಲಿಲ್ಲ, ನಮ್ಮ ಮೈಸೂರಿನವರೊಬ್ಬರು ಅಲ್ಲಿ ವಿಮಾನ ಕಟ್ಟುವುದರಲ್ಲೂ ಕೈ ಹಾಕಿದ್ದರು, ಹಾರಿಸಿಯೂ ಇದ್ದರು. ಅಲ್ಲೇ ಉಳಿಯಬಹುದಿತ್ತು. ವಾಪಸ್ ಬಂದು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಪಾಠ ಹೇಳಿದರು. 1918ರಲ್ಲಿ ದೇಶವನ್ನೆಲ್ಲ ಕಾಡಿದ ಇನ್‌ಫ್ಲುಯೆಂಜಾ ಅವರನ್ನೂ ತೆಗೆದುಕೊಂಡು ಹೋಯಿತು. ವಯಸ್ಸು ನಲವತ್ತೂ ಆಗಿರಲಿಲ್ಲ. ಹೆಚ್ಚು ದಿನ ಬದುಕಿದ್ದರೆ ಬೆಂಗಳೂರಿನ ವಿಮಾನದ ಕಥೆ ಇನ್ನೂ ಮೊದಲೇ ಶುರುವಾಗುತ್ತಿತ್ತೋ ಏನೋ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಬಂದದ್ದು 1940ರಲ್ಲಿ.

ಇಲ್ಲಿ ಓದಿದವರಲ್ಲಿ ಇನ್ಯಾರು ಹೆಸರು ಮಾಡಿದ್ದಾರೆ?

ಪಟ್ಟಿ ದೊಡ್ಡದಿದೆ, ಮೂವರ ಹೆಸರು ಹೇಳುತ್ತೇನೆ. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಜೀವನವಿಡೀ ಅಭ್ಯಾಸ ಮಾಡಿದ ರೊದ್ದಂ ನರಸಿಂಹ ಇಲ್ಲಿ 1953ರಲ್ಲಿ ಮೆಕ್ಯಾನಿಕಲ್ ಮುಗಿಸಿದರು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮುಖ್ಯಸ್ಥರಾಗಿದ್ದ ವಿ.ಕೆ. ಆತ್ರೆ ಇಲ್ಲಿಯವರು. ಆಕಾಶ್ ಕ್ಷಿಪಣಿಯ ಕೆಲಸ ಮುನ್ನಡೆಸಿದ ಪ್ರಹ್ಲಾದ ರಾಮರಾವ್ ಕೂಡ ಇಲ್ಲೇ ಓದಿದರು. ಇವರಿಗಿಂತ ಜಾಸ್ತಿ ನನಗೆ ನೆನಪಾಗುವುದು ಹೆಸರು ಮಾಡದವರು. ಕಾಲುವೆ ಗೇಟು, ಸಬ್‌ಸ್ಟೇಷನ್ನು, ಹಳ್ಳಿ ಸೇತುವೆ, ಕುಡಿಯುವ ನೀರಿನ ಪೈಪು. ಇವನ್ನೆಲ್ಲ ನೋಡಿಕೊಂಡು ನಿವೃತ್ತರಾದ ಸಾವಿರಾರು ಜನ.

ಆ ಕಾಲದಲ್ಲಿ ಇಲ್ಲಿ ಏನು ಕಲಿಸುತ್ತಿದ್ದರು?

ಸಿವಿಲ್ ಮತ್ತು ಮೆಕ್ಯಾನಿಕಲ್ ಮೊದಲು. ಮಿಕ್ಕ ವಿಭಾಗಗಳು ಆಮೇಲೆ ಸೇರಿಕೊಂಡವು.

ಆದರೆ ತಾಂತ್ರಿಕ ಶಾಲೆ ಅಂದರೆ ಬರೀ ಬೆಂಚು ಬೋರ್ಡು ಅಲ್ಲ. ಅದರ ಜೀವ ಇರುವುದು ವರ್ಕ್‌ಶಾಪಿನಲ್ಲಿ. ಮರಗೆಲಸದ ಮೇಜು, ಕಮ್ಮಾರರ ಕುಲುಮೆ, ಮರಳಿನಲ್ಲಿ ಅಚ್ಚು ಮಾಡಿ ಲೋಹ ಎರೆಯುವ ಜಾಗ, ಲೇತು. ಎಲ್ಲಕ್ಕಿಂತ ಮೊದಲು ಫಿಟ್ಟಿಂಗ್. ಒಂದು ಕಬ್ಬಿಣದ ತುಂಡನ್ನು ವೈಸ್‌ನಲ್ಲಿ ಸಿಕ್ಕಿಸಿ ಅರದಿಂದ ಉಜ್ಜಿ ಉಜ್ಜಿ ಮಟ್ಟಸ ಮಾಡಬೇಕು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದಾಗ ನಡುವೆ ಬೆಳಕು ನುಸುಳಬಾರದು. ನುಸುಳಿದರೆ ಮತ್ತೆ ಉಜ್ಜಬೇಕು. ಬೊಬ್ಬೆ ಬರುತ್ತವೆ. ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಮಾಡಿದ ಯಾರನ್ನಾದರೂ ಕೇಳಿ, ಮಾಡಿದ ಲೆಕ್ಕ ಮರೆತಿರಬಹುದು, ಆ ಅರದ ಸದ್ದು ಮರೆತಿರುವುದಿಲ್ಲ.

ಈ ಕೆಲಸ ಕಟ್ಟಡದ ರೂಪವನ್ನೂ ಸ್ವಲ್ಪ ತೀರ್ಮಾನಿಸುತ್ತದೆ. ಕುಲುಮೆಯ ಹೊಗೆ ಹೋಗಲು ಎತ್ತರದ ಸೂರು ಬೇಕು. ಡ್ರಾಯಿಂಗ್ ಹಾಲ್‌ಗೆ ದೊಡ್ಡ ದೊಡ್ಡ ಕಿಟಕಿ ಬೇಕು, ಸಾಧ್ಯವಾದರೆ ಉತ್ತರದ ಕಡೆ, ಯಾಕೆಂದರೆ ಉತ್ತರದ ಬೆಳಕು ದಿನವಿಡೀ ಒಂದೇ ಸಮ ಇರುತ್ತದೆ, ಹಾಳೆಯ ಮೇಲೆ ಬಿಸಿಲಿನ ಪಟ್ಟೆ ಬೀಳುವುದಿಲ್ಲ. ಹಳೆಯ ತಾಂತ್ರಿಕ ಶಾಲೆಗಳ ಕೊಠಡಿಗಳು ಯಾಕೆ ಅಷ್ಟು ಎತ್ತರ, ಅಷ್ಟು ಗಾಳಿ ಬೆಳಕು ಅಂದರೆ ಮುಖ್ಯ ಕಾರಣ ಇದು. ಅಂದಕ್ಕೆ ಅಂತ ಮಾಡಿದ್ದಲ್ಲ, ಆದರೂ ಅಂದವಾಗಿದೆ.

ಕಟ್ಟಡ ಯಾವ ಕಲ್ಲಿನದು? ಯಾಕೆ ಕಲ್ಲು?

ಬೆಂಗಳೂರಿನ ನೆಲದಡಿಯಲ್ಲೇ ಇರುವ ಬೂದು ಬಣ್ಣದ ಗಟ್ಟಿ ಕಲ್ಲು. ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ, ಆ ಜಾತಿಯದು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಕೈಗೆ ಸಿಗುವ ಕಲ್ಲು, ಅದನ್ನು ಒಡೆದು ಮಟ್ಟ ಮಾಡುವ ಕೆಲಸಗಾರರು, ಎರಡೂ ಊರಲ್ಲೇ ಇದ್ದರು. ಅವರು ಉಳಿ, ಸುತ್ತಿಗೆ ಹಿಡಿದು ಒಂದೊಂದೇ ಕಲ್ಲನ್ನು ಅಳತೆಗೆ ತಂದರು. ಈಗಲೂ ಮೇಸ್ತ್ರಿಗಳು ಅದನ್ನು ಸೈಜುಗಲ್ಲು ಅನ್ನುತ್ತಾರೆ. ಹತ್ತಿರ ಹೋಗಿ ನೋಡಿದರೆ ಇಂಥ ಕಲ್ಲಿನ ಮೇಲೆ ಉಳಿಯ ಗುರುತು ಕಾಣುತ್ತದೆ. ಆ ಗುರುತು ಬಿಟ್ಟವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ.

ಆ ಕಾಲದಲ್ಲಿ ಕಲ್ಲುಗಳನ್ನು ಹಿಡಿದಿಡುತ್ತಿದ್ದದ್ದು ಸಿಮೆಂಟಲ್ಲ, ಸುಣ್ಣದ ಗಾರೆ. ಸುಟ್ಟ ಸುಣ್ಣ, ಮರಳು, ಜೊತೆಗೆ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ. ಅದೇ ವರ್ಷಗಳಲ್ಲಿ ಏಳುತ್ತಿದ್ದ ಕನ್ನಂಬಾಡಿ ಕಟ್ಟೆಗೂ ಬಳಸಿದ್ದು ಸುರ್ಕಿ ಗಾರೆಯೇ. ಅಷ್ಟು ನೀರಿನ ಒತ್ತಡವನ್ನು ಅದು ಇವತ್ತಿಗೂ ತಡೆದು ನಿಂತಿದೆ.

ದಪ್ಪ ಕಲ್ಲಿನ ಗೋಡೆ ಬಿಸಿಲನ್ನು ನಿಧಾನಕ್ಕೆ ಹೀರುತ್ತದೆ, ನಿಧಾನಕ್ಕೆ ಬಿಡುತ್ತದೆ. ಏಪ್ರಿಲ್ ಮಧ್ಯಾಹ್ನ ರಸ್ತೆಯಿಂದ ಇಂಥ ಕಟ್ಟಡದ ಜಗಲಿಗೆ ಕಾಲಿಟ್ಟರೆ ಗೊತ್ತಾಗುತ್ತದೆ, ಮೈಗೆ ತಂಪು ತಗಲುತ್ತದೆ.

ಹೆಸರು ಎಷ್ಟು ಸಲ ಬದಲಾಯಿತು?

ಮೊದಲು ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬಂದಾಗ ಇದು ಅದರ ಕೈಗೆ ಹೋಯಿತು. ಆಮೇಲೆ ಸ್ಥಾಪಕರ ಹೆಸರು ಸೇರಿ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಇಂಜಿನಿಯರಿಂಗ್ ಆಯಿತು. ಪಾಲಿಟೆಕ್ನಿಕ್‌ಗೆ ತಮ್ಮ ಹೆಸರು ಬೇಡ ಅಂದವರ ಹೆಸರು ಕೊನೆಗೆ ಸರ್ಕಲ್‌ನ ಇನ್ನೊಂದು ಕಟ್ಟಡಕ್ಕೆ ಬಂತು. 2021ರ ಕಾಯ್ದೆಯ ಪ್ರಕಾರ ಈಗ ಇದೇ ಒಂದು ಸ್ವಾಯತ್ತ ವಿಶ್ವವಿದ್ಯಾಲಯ. ಹೆಸರಿನಲ್ಲಿ ಆದ ಬದಲಾವಣೆ ಬಹಳ ಚಿಕ್ಕದು, ಯುವಿಸಿಇ ಅನ್ನುವ ಅಕ್ಷರಗಳು ಹಾಗೇ ಉಳಿದವು.

ಅಂದರೆ ಇದು ವಿಟಿಯು ಅಲ್ವಾ?

ಅಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಶುರುವಾಯಿತು, ಅದರ ಕೇಂದ್ರ ಬೆಳಗಾವಿ. ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಅದರ ಕೆಳಗೆ ಹೋದವು, ಯುವಿಸಿಇ ಹೋಗಲಿಲ್ಲ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಕೂಡ ಬೇರೆಯೇ.

ಸಿವಿಲ್ ವಿದ್ಯಾರ್ಥಿಗಳು ಇಲ್ಲಿ ಕಾಣುವುದೇ ಇಲ್ಲವಲ್ಲ?

ಸಿವಿಲ್ ಮತ್ತು ಆರ್ಕಿಟೆಕ್ಚರ್ ಜ್ಞಾನಭಾರತಿ ಕ್ಯಾಂಪಸ್‌ನಲ್ಲಿವೆ. ಮಿಕ್ಕ ವಿಭಾಗಗಳು ಸರ್ಕಲ್‌ನಲ್ಲಿ.

ಕೆ.ಆರ್. ಸರ್ಕಲ್ ಅಂದರೆ ಕೆ.ಆರ್. ಮಾರ್ಕೆಟ್ ಹತ್ತಿರವಾ?

ಅಲ್ಲ, ಗೊಂದಲ ಆಗಬೇಡಿ. ಎಲ್ಲವೂ ಕೃಷ್ಣರಾಜ ಹೆಸರಿನವು, ಆದರೆ ಮಾರ್ಕೆಟ್ ಬೇರೆ, ಸರ್ಕಲ್ ಬೇರೆ, ಕೆ.ಆರ್. ಪುರ ಇನ್ನೂ ಬೇರೆ. ಮೈಸೂರಿನಲ್ಲೂ ಒಂದು ಕೆ.ಆರ್. ಸರ್ಕಲ್ ಇದೆ. ನಮ್ಮ ಸರ್ಕಲ್‌ಗೆ ಬರಲು ಮೆಟ್ರೋ ನೇರಳೆ ಮಾರ್ಗದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿದರೆ ಸಾಕು, ಸೆಂಟ್ರಲ್ ಕಾಲೇಜ್ ನಿಲ್ದಾಣ ಅಂತಲೂ ಅದನ್ನೇ ಕರೆಯುತ್ತಾರೆ. ಅಲ್ಲಿಂದ ಸ್ವಲ್ಪ ನಡೆದರೆ ಆಯಿತು. ದಾರಿಯಲ್ಲಿ ಸೆಂಟ್ರಲ್ ಕಾಲೇಜನ್ನೂ ನೋಡಿಕೊಂಡು ಬನ್ನಿ. ವಿಶ್ವೇಶ್ವರಯ್ಯನವರು ಓದಿದ್ದು ಅಲ್ಲಿ, ಕಟ್ಟಿಸಿದ್ದು ಇಲ್ಲಿ. ಹತ್ತು ಹದಿನೈದು ನಿಮಿಷದ ನಡಿಗೆ.

ಇಂಥ ಹಳೇ ಕಟ್ಟಡಗಳನ್ನು ಕೆಡವಿಬಿಡುತ್ತಾರಾ?

ಈ ಭಯ ನನಗೂ ಇದೆ. ಬೆಂಗಳೂರಿನಲ್ಲಿ ಕಣ್ಣ ಮುಂದೆಯೇ ಎಷ್ಟೋ ಹಳೆಯ ಮನೆ, ಥಿಯೇಟರು, ಬಂಗಲೆ ಹೋದವು. ಇವತ್ತು ಫೋಟೋ ತೆಗೆಯುವ ಅಠಾರ ಕಚೇರಿ ಇದೆಯಲ್ಲ, ವಿಧಾನಸೌಧದ ಎದುರಿನ ಕೆಂಪು ಕಟ್ಟಡ, 1868ರಲ್ಲಿ ಮುಗಿದದ್ದು, ಅದನ್ನೇ 1980ರ ದಶಕದಲ್ಲಿ ಕೆಡವುವ ಯೋಚನೆ ಬಂದಿತ್ತು. ಊರಿನ ಜನ ಸುಮ್ಮನಿರದೆ ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು. ಈಗ ಆ ಕಟ್ಟಡ ಇಲ್ಲದ ಬೆಂಗಳೂರನ್ನು ಯಾರಿಗೂ ಊಹಿಸಲು ಆಗುವುದಿಲ್ಲ.

ಕೆಲವರು ಹೇಳುತ್ತಾರೆ, ಕಾಲೇಜನ್ನು ಊರಾಚೆಗೆ ಕಳಿಸಿ ಇದನ್ನು ಮ್ಯೂಸಿಯಂ ಮಾಡಿ ಅಂತ. ನಾನು ಒಪ್ಪುವುದಿಲ್ಲ. ಮ್ಯೂಸಿಯಂ ಆದರೆ ಗೋಡೆ ಉಳಿಯುತ್ತದೆ, ಅದು ಯಾಕೆ ಎದ್ದಿತೋ ಆ ಕೆಲಸ ನಿಂತುಹೋಗುತ್ತದೆ. ಹಾವೇರಿಯಿಂದಲೋ ಪಾವಗಡದಿಂದಲೋ ಬಂದ ಹುಡುಗಿ ಸರ್ಕಾರಿ ಫೀಸಿನಲ್ಲಿ ಊರಿನ ನಡುಮಧ್ಯದ ಕಾಲೇಜಿನಲ್ಲಿ ಕೂತು ಓದುವುದೇ ಇಲ್ಲಿಯ ನಿಜವಾದ ಆಸ್ತಿ. ಅದು ಹೋದರೆ ಉಳಿಯುವುದು ಬರೀ ಕಲ್ಲು.

ಹಾಗಾದರೆ ರಿಪೇರಿ ಮಾಡುವುದು ಹೇಗೆ? ಪ್ಲಾಸ್ಟರ್ ಮಾಡಿ ಬಣ್ಣ ಹೊಡೆದರೆ ಆಯಿತಲ್ಲ?

ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಅಜ್ಜನ ಕಾಲದ ಮನೆ ಇದ್ದರೂ ಈ ಮಾತು ನೆನಪಿಡಿ.

ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ. ಮಳೆಗಾಲದಲ್ಲಿ ಸ್ವಲ್ಪ ತೇವ ಹೀರುತ್ತದೆ, ಬಿಸಿಲು ಬಂದಾಗ ಗಾರೆಯ ಸಂದುಗಳಿಂದಲೇ ಹೊರಗೆ ಬಿಡುತ್ತದೆ. ಆ ಸಂದುಗಳಿಗೆ ಸಿಮೆಂಟ್ ತುಂಬಿದರೆ ತೇವಕ್ಕೆ ದಾರಿ ಮುಚ್ಚಿಹೋಗುತ್ತದೆ. ಹೊರಗಿನ ಕಲ್ಲಿಗೆ ಅಷ್ಟಾಗಿ ಏನೂ ಆಗದಿರಬಹುದು, ಆದರೆ ಒಳಗಿನ ಗಾರೆ ಸಡಿಲವಾಗುತ್ತದೆ, ಒಳಗೋಡೆಯ ಬಣ್ಣ ಹಪ್ಪಳದ ಹಾಗೆ ಏಳುತ್ತದೆ, ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ. ಆಗ ಮತ್ತೆ ಸಿಮೆಂಟ್ ಬಳಿಯುತ್ತಾರೆ. ಗೋಡೆಗೆ ಕಾಯಿಲೆ ಜಾಸ್ತಿಯಾಗುತ್ತಲೇ ಹೋಗುತ್ತದೆ. ಸರಿಯಾದ ದಾರಿ ನಿಧಾನದ್ದು. ಹಳೇ ಗಾರೆಯನ್ನು ಪರೀಕ್ಷೆ ಮಾಡಿ ಅದೇ ಹದದ ಸುಣ್ಣದ ಗಾರೆ ಕಲಸಿ ತುಂಬಬೇಕು, ಅದು ಗಟ್ಟಿಯಾಗುವವರೆಗೆ ಕಾಯಬೇಕು.

ಇನ್ನೊಂದು ಶತ್ರು ಅರಳಿ ಗಿಡ. ಹಕ್ಕಿ ಹಿಕ್ಕೆಯಲ್ಲಿ ಬೀಜ ಬಂದು ಕಲ್ಲಿನ ಸಂದಿಯಲ್ಲಿ ಕೂರುತ್ತದೆ. ಮೊದಲ ವರ್ಷ ನಾಲ್ಕು ಎಲೆ, ನೋಡೋಕೆ ಮುದ್ದಾಗಿರುತ್ತದೆ. ಹತ್ತು ವರ್ಷದಲ್ಲಿ ಬೇರು ಗೋಡೆ ಸೀಳುತ್ತದೆ. ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಚಿಕ್ಕದಿರುವಾಗಲೇ ಬೇರು ಸಮೇತ ತೆಗೆಯಬೇಕು. ಮೂರನೆಯದು ಮಳೆನೀರಿನ ಪೈಪು. ತಾರಸಿಯ ತೂಬಿನಲ್ಲಿ ಎಲೆ ಕಟ್ಟಿಕೊಂಡರೆ ನೀರು ನಿಂತು ಕೆಳಗಿನ ಗೋಡೆಗೆ ಇಳಿಯುತ್ತದೆ. ಹಳೇ ಕಟ್ಟಡದ ಅರ್ಧ ತೊಂದರೆ ಮೇ ತಿಂಗಳಲ್ಲಿ ಒಬ್ಬರು ಏಣಿ ಹಾಕಿ ಹತ್ತಿ ತೂಬು ಕ್ಲೀನ್ ಮಾಡಿದರೆ ತಪ್ಪುತ್ತದೆ. ದೊಡ್ಡ ಯೋಜನೆ, ದೊಡ್ಡ ದುಡ್ಡು ಎಲ್ಲ ಆಮೇಲೆ.

ಒಳಗೆ ಹೋಗಿ ನೋಡಬಹುದಾ?

ಇದು ಪಾಠ ನಡೆಯುವ ಜಾಗ, ಪ್ರವಾಸಿ ತಾಣ ಅಲ್ಲ. ಗೇಟಿನಲ್ಲಿ ಕೇಳಿ, ಕಚೇರಿಯಲ್ಲಿ ಅನುಮತಿ ಪಡೆಯಿರಿ. ಪರೀಕ್ಷೆ ಸಮಯದಲ್ಲಿ ಬೇಡ. ಹೊರಗಿನಿಂದ ನೋಡಲು ಯಾರ ಅನುಮತಿಯೂ ಬೇಕಿಲ್ಲ. ಭಾನುವಾರ ಬೆಳಿಗ್ಗೆ ಬನ್ನಿ, ಟ್ರಾಫಿಕ್ ಕಡಿಮೆ ಇರುತ್ತದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಉಬ್ಬು ತಗ್ಗು ಚೆನ್ನಾಗಿ ಕಾಣುತ್ತದೆ. ಸ್ವಲ್ಪ ಮುಂದೆ ಹೋದರೆ ಕಬ್ಬನ್ ಪಾರ್ಕ್ ಕೂಡ ಇದೆ.

ನಮ್ಮ ತಾತ ಇಲ್ಲಿ ಓದಿದ್ದರು. ಮನೆಯಲ್ಲಿ ಹಳೇ ಫೋಟೋ, ಡ್ರಾಯಿಂಗ್ ಹಾಳೆಗಳಿವೆ. ಏನು ಮಾಡಲಿ?

ಮೊದಲು, ಎಸೆಯಬೇಡಿ! ಕಟ್ಟಡದ ಕಥೆ ಸರ್ಕಾರಿ ಫೈಲುಗಳಲ್ಲಿ ಅರ್ಧ ಇದ್ದರೆ ಇನ್ನರ್ಧ ಇಂಥ ಟ್ರಂಕುಗಳಲ್ಲಿದೆ. ಗ್ರೂಪ್ ಫೋಟೋದಲ್ಲಿ ಹಿಂದೆ ಕಾಣುವ ಒಂದು ಕಿಟಕಿ, ಒಂದು ಕಂಬ, ಮುಂದೆ ಯಾರೋ ರಿಪೇರಿ ಮಾಡುವವರಿಗೆ ಮೊದಲು ಹೇಗಿತ್ತು ಅಂತ ತೋರಿಸಬಹುದು.

ಫೋಟೋ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಹೆಸರು, ವರ್ಷ ಬರೆಯಿರಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಹಾಯುತ್ತದೆ. ಲ್ಯಾಮಿನೇಷನ್ ಮಾಡಿಸಲೇಬೇಡಿ, ಆಮೇಲೆ ಬಿಡಿಸಲು ಆಗುವುದಿಲ್ಲ. ಡ್ರಾಯಿಂಗ್ ಹಾಳೆ ಸುರುಳಿಯಾಗಿದ್ದರೆ ಒಮ್ಮೆಲೇ ಎಳೆದು ಬಿಡಿಸಬೇಡಿ, ಅಂಚು ಸೀಳುತ್ತದೆ. ಎರಡು ದಿನ ಹಗುರವಾದ ತೂಕ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಿಸಿ, ಆಮೇಲೆ ಮಡಿಸದೆ ಮಟ್ಟಸವಾಗಿ ಇಡಿ. ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಮಾಡಿ, ಮೇಷ್ಟ್ರ ಸಹಿ, ಸ್ಟುಡಿಯೋ ಮುದ್ರೆ ಅಲ್ಲೇ ಇರುತ್ತದೆ. ಮನೆಯಲ್ಲಿ ಹಿರಿಯರು ಇದ್ದರೆ ಆ ಫೋಟೋ ಅವರ ಕೈಗೆ ಕೊಟ್ಟು, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಪಕ್ಕದಲ್ಲಿ ಕೂತುಕೊಳ್ಳಿ. ಎಡಗಡೆಯಿಂದ ಮೂರನೆಯವರು ಯಾರು ಅಂತ ಕೇಳಿ.